ಅರವತ್ತು ಪ್ರತಿಗಳ ಪತ್ರಿಕೆ

ಸ್ವಂತದ್ದೊಂದು ಪತ್ರಿಕೆ ಹೊರಡಿಸಬೇಕೆಂಬ ಆಸೆ ಸೀತಾಳೆ ಸಿಡುಬಿನಂತೆ. ಜೀವಮಾನದಲ್ಲಿ ಒಮ್ಮೆ ಬಂದು ಹೋಗಬೇಕು. ಎಳೆಯದರಲ್ಲಿ ಬಂದು ಹೋದರೆ ಕ್ಷೇಮ. ವಯಸ್ಸಾದ ಮೇಲೆ ಬಂದರೆ ಕೈಯಲ್ಲಿದ್ದ ಗಂಟನ್ನೂ ಮನೆಯವರ ಸಮಾಧಾನವನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆಂದು ಅನುಭವಸ್ಥರು ಹೇಳುತ್ತಾರೆ. ನನಗೆ ಅದು ಬಂದದ್ದು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ. ಪತ್ರಿಕೆಗೆ ಹೆಸರಿಡುವುದರಲ್ಲಿಯೇ ಎರಡು ತಿಂಗಳು ಕಳೆದು, ಸಂಪಾದಕ ಮಂಡಲದ ಮೂವರಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಪ್ರಶ್ನೆಯ ಮೇಲೆ ಮಂಡಲವೇ ಒಡೆದು, ಒಂದು ಹಾಳೆಯೂ ಖರ್ಚಾಗದೆ ಜ್ವರ ಇಳಿಯಿತು. ಅಂದಿನಿಂದ ನಾನು ಪೂರ್ಣ ಗುಣಮುಖನೆಂದೇ ತಿಳಿದಿದ್ದೆ.

ಕಳೆದ ಮಾಗಿಯಲ್ಲಿ ಒಂದು ಸಂಜೆ ಊರಿನಿಂದ ಅಣ್ಣನ ಫೋನು ಬಂದಿತು. ಅಣ್ಣ ಮಿತಭಾಷಿ. ಮಳೆಯ ವಿಷಯ, ಎಮ್ಮೆಯ ವಿಷಯ, ಇವೆರಡನ್ನು ಬಿಟ್ಟು ಮೂರನೆಯದಕ್ಕೆ ಫೋನು ಮಾಡಿದನೆಂದರೆ ಏನೋ ಅನಾಹುತವಾಗಿದೆಯೆಂದೇ ಅರ್ಥ.

"ತಮ್ಮಾ, ಇವ ಪತ್ರಿಕೆ ಮಾಡಿಸ್ಯಾನ," ಎಂದ.

"ಯಾರದಣ್ಣಾ ಲಗ್ನ?" ಎಂದೆ. ನಮ್ಮ ಸೀಮೆಯಲ್ಲಿ ಪತ್ರಿಕೆಯೆಂದರೆ ಮೊದಲ ಅರ್ಥ ಲಗ್ನಪತ್ರಿಕೆ.

"ಲಗ್ನದ್ದಾಗಿದ್ರ ಚೊಲೊ ಇತ್ತು. ಇದು ಓದೋ ಪತ್ರಿಕೆ. ಪರೀಕ್ಷಾದ ಫೀ ಕಟ್ಟು ಅಂತ ಕೊಟ್ಟ ರೊಕ್ಕದಾಗ ಹಾಡಿನ ಪುಸ್ತಕ ಮಾಡ್ಯಾನ. ಅದೂ ಹಾಡ ಇಲ್ಲದ ಹಾಡಿನ ಪುಸ್ತಕಂತ! ನೀ ಒಮ್ಮಿ ಬಂದು ಬುದ್ಧಿ ಹೇಳಿ ಹೋಗು. ಈ ಹಾಳಿ ಹುಚ್ಚು ನಮ್ಮ ಮನ್ಯಾಗ ನಿನ್ನ ಕಡಿಂದನ ಬಂದಿದ್ದು."

ಅಣ್ಣನ ಮಗ ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಖೋಲಿ ಹಿಡಿದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಸಾವಿರಾರು ಹುಡುಗರಲ್ಲಿ ಒಬ್ಬ. ವಯಸ್ಸು ಇಪ್ಪತ್ತೆರಡು. ಬುದ್ಧಿ ಹೇಳುವುದು ನನ್ನ ವೃತ್ತಿಯೇ ಆದುದರಿಂದ ಭಾನುವಾರ ಬೆಳಿಗ್ಗೆ ಗದಗಿನಲ್ಲಿ ಬಸ್ಸು ಹತ್ತಿದೆ.

ಮುಂಡರಗಿಯನ್ನು ದಾಟಿ ಹೂವಿನಹಡಗಲಿಯ ದಾರಿ ಹಿಡಿದರೆ ತುಂಗಭದ್ರೆಯ ಈಚೆಯ ದಡಕ್ಕೆ ನಮ್ಮ ಕೊರ್ಲಹಳ್ಳಿ. ಬೆನ್ನ ಹಿಂದೆ ದೂರದಲ್ಲಿ ಕಪ್ಪತಗುಡ್ಡ. ಮುಂದೆ ಹೊಳೆ, ಹೊಳೆಯ ಮೇಲೆ ಸೇತುವೆ. ಸೇತುವೆಯಾಚೆ ಮದಲಗಟ್ಟಿಯ ಹನುಮಪ್ಪ. ನಮ್ಮ ಅಜ್ಜನ ಕಾಲದಲ್ಲಿ ಈಚೆಯ ದಡ ಮುಂಬಯಿ ಪ್ರಾಂತವಾಗಿತ್ತು, ಆಚೆಯದು ಮದ್ರಾಸು. ಆಚೆಯವರು 1953ರಲ್ಲಿ ಮೈಸೂರಿಗೆ ಸೇರಿದರು, ನಾವು 1956ರಲ್ಲಿ. ಬಳಿಕ ನಾವು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆಯವರಾದೆವು. ಅವರು 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯವರಾದರು. ಎಲ್ಲೆಗಳು ಇಷ್ಟು ಸಲ ಬದಲಾದರೂ ಈ ದಡದ ಭಜನೆ ಆ ದಡಕ್ಕೆ ಕೇಳುವುದು ಮಾತ್ರ ನಿಲ್ಲಲಿಲ್ಲ. ಈ ಮಾತನ್ನು ಇಲ್ಲಿ ಸುಮ್ಮನೆ ಹೇಳಿರುತ್ತೇನೆ, ಮುಂದೆ ಬೇಕಾಗುತ್ತದೆ.

ಮನೆ ಸೇರಿದ ಕೂಡಲೆ ಅಣ್ಣ ಸಾಕ್ಷ್ಯವನ್ನು ತಂದು ಮುಂದಿಟ್ಟ. ಎ4 ಹಾಳೆಗಳನ್ನು ನಡುವೆ ಮಡಿಚಿ ಎರಡು ಪಿನ್ನು ಹೊಡೆದ ಇಪ್ಪತ್ತನಾಲ್ಕು ಪುಟಗಳ ಪುಸ್ತಿಕೆ. ದಪ್ಪ ಹಾಳೆಯ ಹೊದಿಕೆ. ಹೊದಿಕೆಯ ಮೇಲೆ ನಮ್ಮೂರ ಸೇತುವೆಯ ಕಪ್ಪು ಬಿಳುಪು ಚಿತ್ರ. ಹೆಸರಿಲ್ಲ, ಸಂಪಾದಕರಿಲ್ಲ, ಸಂಪುಟ ಸಂಚಿಕೆಗಳ ಸುಳಿವಿಲ್ಲ. ನಾವು ಮೂವರು ಎರಡು ತಿಂಗಳು ಹೊಡೆದಾಡಿದ ಪ್ರಶ್ನೆಗಳನ್ನು ಈ ಹುಡುಗ ಒಂದೇ ಏಟಿಗೆ ಬಗೆಹರಿಸಿದ್ದ: ಯಾರ ಹೆಸರನ್ನೂ ಹಾಕಿರಲಿಲ್ಲ. ಒಳಗೆ ಅರ್ಧ ಗಣಕಯಂತ್ರದ ಅಕ್ಷರ, ಅರ್ಧ ಕೈಬರಹ. ಅಂಚಿನಲ್ಲಿ ಅಲ್ಲಲ್ಲಿ ಝೆರಾಕ್ಸ್ ಯಂತ್ರದ ಮಸಿ.

ಕೊನೆಯ ಪುಟದಲ್ಲಿ ಲೆಕ್ಕವನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದ. 60 ಪ್ರತಿ. ಪ್ರತಿಯೊಂದಕ್ಕೆ ಒಳಪುಟಗಳಿಗೆ 12 ರೂಪಾಯಿ, ಹೊದಿಕೆಗೆ 3. ಒಟ್ಟು 900 ರೂಪಾಯಿ. ಬೆಲೆ 20 ರೂಪಾಯಿ. ಎಲ್ಲವೂ ಮಾರಾಟವಾದರೆ 300 ರೂಪಾಯಿ ಉಳಿದು, ಅದು ಮುಂದಿನ ಸಂಚಿಕೆಗೆ ಮುಡಿಪು. ಅಂದಿನವರೆಗೆ 23 ಪ್ರತಿಗಳು ಮಾರಾಟವಾಗಿದ್ದವು. ಅಂದರೆ 460 ರೂಪಾಯಿ ಬಂದು, 440 ರೂಪಾಯಿ ಹೊಳೆಗೆ ಹೋಗಿತ್ತು. ಈ ಲೆಕ್ಕವನ್ನು ಅಣ್ಣ ನನಗಿಂತ ಮೊದಲೇ ಮಾಡಿದ್ದ. ನೋವು ಹಣದ್ದಲ್ಲ, ಈ ಗಡಿಬಿಡಿಯಲ್ಲಿ ಒಂದು ಪರೀಕ್ಷೆಗೆ ಅರ್ಜಿ ಹಾಕುವ ಕಡೆಯ ದಿನ ದಾಟಿಹೋಗಿತ್ತು. ಒಂದು ವರ್ಷ ಹಿಂದಕ್ಕೆ ಬಿದ್ದಂತೆ.

ನಾನು ಸಮಾಧಾನ ಹೇಳಲು ಹೋದೆ. "ಅಣ್ಣಾ, ನಮ್ಮ ಗದಗಿನಾಗ ಬೆಳೆದ ಭೀಮಸೇನ ಜೋಶಿಯವರು 1933ರಾಗ ಹನ್ನೊಂದು ವರ್ಷದ ಹುಡುಗ. ಅಬ್ದುಲ್ ಕರೀಮ್ ಖಾನರ ಒಂದು ತಟ್ಟಿ ಕೇಳಿ, ಗುರುನ್ನ ಹುಡುಕ್ಕೊಂಡು ಮನಿ ಬಿಟ್ಟು ಹೋಗಿದ್ರಂತ. ಅವರ ತಂದಿ ಸಾಲಿ ಮಾಸ್ತರು. ಅವರಿಗೆಷ್ಟು ತ್ರಾಸ ಆಗಿರಬೇಕು!"

ಅಣ್ಣ ತಲೆ ಎತ್ತದೆ ಹೇಳಿದ: "ಅವರು ಹಾಡಾಕ ಮನಿ ಬಿಟ್ರು. ಇವ ಹಾಡೂದಿಲ್ಲ, ಮಂದಿ ಹಾಡಿದ್ದನ್ನ ಬರ್ಯಾಕ ಫೀ ಬಿಟ್ಟಾನ."

ವಾದದಲ್ಲಿ ಸೋತು ನಾನು ಆರೋಪಿಯನ್ನು ಹುಡುಕಿಕೊಂಡು ಹೊಳೆಯ ಕಡೆಗೆ ಹೊರಟೆ.

ಹುಡುಗ ಸೇತುವೆಯ ಕೆಳಗೆ ಒಂದು ಬಂಡೆಯ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬೈಗಳಿಗೆ ಸಿದ್ಧವಾಗಿ ನಿಂತ ಭಂಗಿ. ತರಗತಿಯಲ್ಲಿ ದಿನವೂ ನೋಡುವ ಭಂಗಿಯೇ ಆದುದರಿಂದ ಬೈಯಲು ಮನಸ್ಸು ಬರಲಿಲ್ಲ. "ಹಾಡ ಇಲ್ಲದ ಹಾಡು ಅಂದ್ರ ಏನೋ ಅದು?" ಎಂದು ಕೇಳಿದೆ.

"ಹೇಳಿದ್ರ ತಿಳಿಯೂದಿಲ್ಲ ಕಾಕಾ, ಕೇಳ್ರಿ," ಎಂದು ತನ್ನ ಫೋನಿನ ತಂತಿಯ ಒಂದು ತುದಿಯನ್ನು ನನ್ನ ಕಿವಿಗೆ ಇಟ್ಟ.

ಮೊದಲೊಂದು ನಿಮಿಷ ಗಿಟಾರಿನ ಒಂದೇ ತಂತಿ ತಡೆದು ತಡೆದು ಮಿಡಿಯಿತು. ಯಂತ್ರ ಕೆಟ್ಟಿರಬೇಕೆಂದು ಅವನ ಮುಖ ನೋಡಿದೆ. ಅವನು ಕೈಸನ್ನೆಯಿಂದ ತಾಳಿರೆಂದ. ಎರಡನೆಯ ತಂತಿ ಕೂಡಿತು. ದೂರದಲ್ಲಿ ಮೃದುವಾಗಿ ಡೋಲಿನ ಸದ್ದು. ಯಾರೂ ಹಾಡಲಿಲ್ಲ. ಐದಾರು ನಿಮಿಷಗಳಾದ ಮೇಲೆ ಎಲ್ಲ ವಾದ್ಯಗಳೂ ಒಂದರ ಮೇಲೊಂದು ಏರಿ, ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಾಗ ನಮ್ಮ ಹೊಳೆ ಬರುವಂತೆ ಬಂದವು. ಬಂದಷ್ಟೇ ಬೇಗ ಇಳಿದು, ಕೊನೆಗೆ ಆ ಮೊದಲಿನ ಒಂಟಿ ತಂತಿ ಉಳಿಯಿತು. ನನಗೆ ಪೂರ್ತಿ ಹಿಡಿಸಿತೆಂದು ಹೇಳಲಾರೆ. ಆದರೆ ಎಲ್ಲಿಯೋ ಕೇಳಿದ್ದೇನೆ ಎನ್ನಿಸಿತು. ಎಲ್ಲಿಯೆಂದು ಆಗ ಹೊಳೆಯಲಿಲ್ಲ.

ಇದಕ್ಕೆ 'ಪೋಸ್ಟ್-ರಾಕ್' ಎಂದು ಹೆಸರಂತೆ. ಸೈಮನ್ ರೆನಾಲ್ಡ್ಸ್ ಎಂಬ ಆಂಗ್ಲ ವಿಮರ್ಶಕ 1994ರಲ್ಲಿ ಈ ಹೆಸರನ್ನು ಚಲಾವಣೆಗೆ ತಂದ. ರಾಕ್ ಸಂಗೀತದ ವಾದ್ಯಗಳನ್ನೇ ಹಿಡಿದು, ರಾಕ್ ಅಲ್ಲದ ಕೆಲಸಕ್ಕೆ ಅವನ್ನು ಬಳಸುವುದು ಅದರ ಲಕ್ಷಣ. ನವ್ಯೋತ್ತರ, ಆಧುನಿಕೋತ್ತರ ಎಂಬ ಮಾತುಗಳನ್ನು ಪರೀಕ್ಷೆಗೆ ಉರುಹೊಡೆದು ಸ್ನಾತಕೋತ್ತರನಾದ ನನಗೆ ಈ 'ರಾಕೋತ್ತರ' ಅಷ್ಟೇನೂ ಅಪರಿಚಿತವಾಗಿ ತೋರಲಿಲ್ಲ. ಹಳೆಯದರ ಸಾಮಾನುಗಳಿಂದಲೇ ಹೊಸ ಮನೆ ಕಟ್ಟುವವರು ಎಲ್ಲ ಕಾಲದಲ್ಲಿಯೂ 'ಉತ್ತರ' ಎಂಬ ಬಾಲವನ್ನು ಹಚ್ಚಿಕೊಳ್ಳುತ್ತಾರೆ.

ಅವನ ಪತ್ರಿಕೆಯಲ್ಲಿ ಏನೇನಿತ್ತೆಂದು ವಾಚಕರಿಗೆ ಕುತೂಹಲವಿರಬಹುದು. ಐಸ್‌ಲ್ಯಾಂಡಿನ ಸಿಗುರ್ ರೋಸ್ ಎಂಬ ತಂಡದ ಬಗ್ಗೆ ಒಂದು ಲೇಖನ. ಆ ತಂಡದ ಗಾಯಕ ಎಷ್ಟೋ ಹಾಡುಗಳಲ್ಲಿ ಯಾವ ಭಾಷೆಯಲ್ಲಿಯೂ ಇಲ್ಲದ, ಅರ್ಥವಿಲ್ಲದ ಶಬ್ದಗಳನ್ನು ಹಾಡುತ್ತಾನೆ. 2002ರಲ್ಲಿ ಬಂದ ಅವರ ಒಂದು ಧ್ವನಿಮುದ್ರಿಕೆಗೆ ಹೆಸರೇ ಇಲ್ಲ, ಎರಡು ಆವರಣ ಚಿಹ್ನೆಗಳು ಮಾತ್ರ. ಇದನ್ನು ಓದಿ ಆಶ್ಚರ್ಯಪಡುವವರಿಗೆ ಹುಡುಗ ಅಡಿಟಿಪ್ಪಣಿಯಲ್ಲಿ ನೆನಪು ಮಾಡಿದ್ದ: ನಮ್ಮ ಹಿಂದುಸ್ತಾನಿ ತರಾನಾದ ಶಬ್ದಗಳಿಗೆ ಅರ್ಥ ಕೇಳಿದವರು ಯಾರು? ಇನ್ನೊಂದು ಲೇಖನ ಕೆನಡಾದ ಮಾಂಟ್ರಿಯಲ್ ನಗರದ 'ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್' ತಂಡದ್ದು. ಅವರು 1997ರಲ್ಲಿ ತಮ್ಮ ಧ್ವನಿತಟ್ಟೆಯ ಲಕೋಟೆಯೊಳಗೆ ರೈಲುಗಾಲಿಗೆ ಸಿಕ್ಕಿ ಚಪ್ಪಟೆಯಾದ ನಾಣ್ಯವೊಂದನ್ನು ಇಟ್ಟು ಕೊಟ್ಟರಂತೆ. ಹಳಿಯ ಮೇಲೆ ನಾಣ್ಯವಿಟ್ಟು ರೈಲಿಗೆ ಕಾಯುವುದು ಗದಗಿನ ಹುಡುಗರಿಗೂ ಬಂದ ವಿದ್ಯೆ. ಅದನ್ನು ಸಂಗೀತಕ್ಕೆ ಸೇರಿಸಬಹುದೆಂದು ಹೊಳೆದಿರಲಿಲ್ಲ. ಮೂರನೆಯದು ಬೆಂಗಳೂರಿನ ಲೌಂಜ್ ಪಿರಾನ್ಹಾ ಎಂಬ ತಂಡವನ್ನೂ ಅವರ 2008ರ ಮುದ್ರಿಕೆಯನ್ನೂ ಕುರಿತದ್ದು.

ನಾಲ್ಕನೆಯದು ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಜಾನ್ ಕೇಜ್ ಎಂಬ ಸಂಗೀತಕಾರ 1952ರಲ್ಲಿ ಒಂದು ಕೃತಿ ರಚಿಸಿದ. ವಾದಕ ಪಿಯಾನೋದ ಮುಂದೆ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಏನನ್ನೂ ನುಡಿಸದೆ ಕೂಡಬೇಕು. ಆ ಹೊತ್ತಿನಲ್ಲಿ ಸಭೆಗೆ ಕೇಳಿಸಿದ ಗಾಳಿ, ಮಳೆ, ಕೆಮ್ಮು, ಪಿಸುಮಾತು ಇವೇ ಸಂಗೀತ. ಹುಡುಗ ಈ ಕೇಜನನ್ನು ಕರೆದುಕೊಂಡು ಬಂದು ನಮ್ಮ ಹೊಳೆಯ ಆಚೆಯ ಮೈಲಾರದ ಜಾತ್ರೆಯಲ್ಲಿ ನಿಲ್ಲಿಸಿದ್ದ. ಭರತ ಹುಣ್ಣಿಮೆಯ ಆ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಲೆ ಉಸಿರು ಬಿಗಿ ಹಿಡಿಯುತ್ತಾರೆ. ಬಳಿಕ ಒಂದೇ ಒಂದು ಸಾಲಿನ ಕಾರಣಿಕ. ಆ ಸಾಲಿನ ಅರ್ಥವನ್ನು ವರ್ಷವಿಡೀ ಚರ್ಚಿಸುವ ನಾವು, ಅದಕ್ಕೆ ಮುಂಚಿನ ಮೌನವನ್ನು ಎಂದಾದರೂ ಕೇಳಿದ್ದೇವೆಯೇ ಎಂದು ಅವನ ಪ್ರಶ್ನೆ. ಇಪ್ಪತ್ತೆರಡರ ಹುಡುಗನ ಬರವಣಿಗೆ. ಕಾಗುಣಿತದ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ನನ್ನ ಕಿಸೆಯಲ್ಲಿದ್ದ ಕೆಂಪು ಪೆನ್ನು ಕಿಸೆಯಲ್ಲಿಯೇ ಉಳಿಯಿತು.

ರಾತ್ರಿ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದರೂ ನಿದ್ರೆ ಬರಲಿಲ್ಲ. ಇಂಥ ಹುಚ್ಚುಗಳ ಪಟ್ಟಿಯನ್ನು ಮನಸ್ಸು ತಾನೇ ಹಾಕತೊಡಗಿತು. ಅಭಿಮಾನಿಗಳು ತಮ್ಮ ಕೈಯಿಂದಲೇ ಅಚ್ಚುಮಾಡಿ ತಮ್ಮವರಿಗೇ ಹಂಚುವ ಪತ್ರಿಕೆಗೆ 'ಫ್ಯಾನ್‌ಝೀನ್' ಎಂಬ ಹೆಸರನ್ನು 1940ರಲ್ಲಿ ಅಮೆರಿಕದ ಚೌವೆನೆ ಎಂಬವನು ಇಟ್ಟ. ಅದು ವಿಜ್ಞಾನಕಥೆಗಳ ಅಭಿಮಾನಿಗಳ ಕೂಟ. ಸಂಗೀತಕ್ಕೆ ಅದು ಬಂದ ಬಗೆಯನ್ನು ಹೇಳುವಾಗ ಎಲ್ಲರೂ ನೆನೆಯುವುದು ಲಂಡನ್ನಿನ ಮಾರ್ಕ್ ಪೆರಿಯನ್ನು. 1976ರಲ್ಲಿ ಅವನು ಹತ್ತೊಂಬತ್ತು ವರ್ಷದ ಬ್ಯಾಂಕ್ ಗುಮಾಸ್ತ. 'ಸ್ನಿಫಿನ್ ಗ್ಲೂ' ಎಂಬ ತನ್ನ ಪತ್ರಿಕೆಯನ್ನು ಬೆರಳಚ್ಚು ಮಾಡಿ, ತಲೆಬರಹಗಳನ್ನು ಕೈಯಲ್ಲಿ ಗೀಚಿ, ಮೊದಲ ಸಂಚಿಕೆಯ ಐವತ್ತು ಪ್ರತಿಗಳನ್ನು ತೆಗೆಸಿದ. ಅದು ಸಾವಿರಗಳಿಗೆ ಏರಿದಾಗ, ಮರುವರ್ಷವೇ, ನೀವು ನೀವೇ ನಿಮ್ಮ ಪತ್ರಿಕೆ ಮಾಡಿಕೊಳ್ಳಿರೆಂದು ಓದುಗರಿಗೆ ಹೇಳಿ ನಿಲ್ಲಿಸಿಬಿಟ್ಟ. ಅವನು ಬ್ಯಾಂಕಿನ ನೌಕರಿಯನ್ನು ಬಿಟ್ಟನೆಂಬ ಸಂಗತಿಯನ್ನು ಅಣ್ಣನಿಗೆ ತಿಳಿಸಕೂಡದೆಂದು ಆಗಲೇ ನಿಶ್ಚಯಿಸಿದೆ. ನಮ್ಮ ದೇಶದಲ್ಲಿ 'ರಾಕ್ ಸ್ಟ್ರೀಟ್ ಜರ್ನಲ್' ಹುಟ್ಟಿದ್ದು 1993ರಲ್ಲಿ, ಮುಂಬಯಿಯಲ್ಲಲ್ಲ, ಗಂಗೆಯ ದಡದ ಅಲಹಾಬಾದಿನಲ್ಲಿ.

ಹಾಗೆ ನೋಡಿದರೆ ಕನ್ನಡದ ಮೊದಲ ಪತ್ರಿಕೆಯೇ ಒಂದು ಬಗೆಯ ಕೈಬರಹ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಮೊಳೆಯಚ್ಚಿನದಲ್ಲ, ಕಲ್ಲಚ್ಚಿನದು. ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲಿಳಿಸಿ ಒತ್ತಿದ್ದು. ಇನ್ನು ನಮ್ಮ ಸಣ್ಣ ಪತ್ರಿಕೆಗಳ ಕಥೆ ಯಾರಿಗೆ ತಿಳಿಯದು? 1962ರಲ್ಲಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ'. 1964ರಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ನಮ್ಮ ರೋಣ ತಾಲೂಕಿನ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ, ಈ ಮೂವರು ಸೇರಿ 'ಸಂಕ್ರಮಣ'ವನ್ನು ಆರಂಭಿಸಿದಾಗ ಮೂವರದೂ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಅವರ ಮನೆಗಳಲ್ಲಿಯೂ ಯಾರೋ ಒಬ್ಬ ಅಣ್ಣ ಲೆಕ್ಕ ಹಾಕಿ ನಿಟ್ಟುಸಿರಿಟ್ಟಿರಬೇಕು. ಆ ಪುಸ್ತಿಕೆಗಳ ಹಳೆಯ ಸಂಚಿಕೆಗಳಿಂದಲೇ ಟಿಪ್ಪಣಿ ಮಾಡಿಕೊಂಡು ನಾನು ಎಂ.ಎ. ತೇರ್ಗಡೆಯಾದೆ, ಅದರ ಬಲದಿಂದ ನೌಕರಿ ಹಿಡಿದೆ. ಅನ್ಯರ ಹಾಳೆಯ ಹುಚ್ಚಿನಿಂದ ಸಂಬಳ ತಿನ್ನುವವನು ಈಗ ಮನೆಯ ಹುಡುಗನಿಗೆ ಆ ಹುಚ್ಚು ಬಿಡು ಎಂದು ಹೇಳಲು ಬಂದಿದ್ದೆ.

ಬೆಳಿಗ್ಗೆ ವೈನಿ ಚಹಾ ತಂದಿಟ್ಟು, ಸೆರಗಿನ ಮರೆಯಿಂದ ಅದೇ ಪುಸ್ತಿಕೆಯ ಇನ್ನೊಂದು ಪ್ರತಿಯನ್ನು ತೆಗೆದರು. ಇಪ್ಪತ್ತು ರೂಪಾಯಿ ಕೊಟ್ಟು ಕೊಂಡಿದ್ದಂತೆ. ಮಗ ತಾಯಿಗೂ ಬಿಟ್ಟುಕೊಟ್ಟಿರಲಿಲ್ಲ.

"ಇದರಾಗ ಒಂದು ಪುಟ ಬರೇ ಬಿಟ್ಟಾನ ನೋಡ್ರಿ. ಐದು ನಿಮಿಷ ಸುಮ್ಮನ ಕುಂತು, ಏನೇನು ಕೇಳಿಸ್ತೈತಿ ಅದನ್ನ ಬರೀರಿ ಅಂದಾನ. ನಾನೂ ಬರದೇನಿ. ತಪ್ಪಿದ್ರ ನಗಬ್ಯಾಡ್ರಿ."

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರ ಗುಂಡನೆಯ ಅಕ್ಷರ. ಎಮ್ಮಿ ಮೆಲಕ ಹಾಕೂದು. ಹೊಳಿ ಕಡಿ ಪಂಪಿನ ಸಪ್ಪಳ. ಟ್ರ್ಯಾಕ್ಟರ್. ಕುಕ್ಕರ್ ಎರಡ ಸೀಟಿ. ಗಡಿಯಾರ. ಕೊನೆಗೆ ಒಂದು ಸಾಲು: ಹೊರಗಿನ ಕಟ್ಟಿ ಮ್ಯಾಲ ಮಾವನವರು ಕೆಮ್ಮಿದಂಗ ಆತು.

ನಮ್ಮ ಅಪ್ಪ ತೀರಿದ್ದು 2012ರಲ್ಲಿ.

ಇಲ್ಲಿಯವರೆಗೆ ನಗುತ್ತ ಹೇಳಿಕೊಂಡು ಬಂದೆ. ಮುಂದಿನದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ.

ಅಪ್ಪ ಒಕ್ಕಲುತನದ ಮನುಷ್ಯ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆಗೆ ಕೂಡುತ್ತಿದ್ದ. ತತ್ತ್ವಪದಗಳ ಭಜನೆ. ಹಾರ್ಮೋನಿಯಂ ಒಬ್ಬರದು, ದಮ್ಮಡಿ ಒಬ್ಬರದು, ತಾಳ ಸಿಕ್ಕವರದು. ಏಕತಾರಿ ಮಾತ್ರ ಅಪ್ಪನದು. ಅವನಿಗೆ ಒಂದು ವಿಚಿತ್ರ ಚಾಳಿಯಿತ್ತು. ಪದವನ್ನು ಎತ್ತಿಕೊಳ್ಳುವ ಮೊದಲು ಆ ಒಂದೇ ತಂತಿಯನ್ನು ಎಷ್ಟೋ ಹೊತ್ತು ಮಿಡಿಯುತ್ತ ಕೂಡುವನು. ಉಳಿದವರು ಆಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ಒಬ್ಬರ ಮುಖವನ್ನೊಬ್ಬರು ನೋಡುವರು. ಪದ ಮುಗಿದ ಮೇಲೆಯೂ ಹಾಗೆಯೇ. ತಾಳ ನಿಂತು, ದಮ್ಮಡಿ ನಿಂತು, ಜನ ಮೈ ಮುರಿದು ಏಳುವ ಹೊತ್ತಿಗೂ ತಂತಿಯನ್ನು ಬಿಡುತ್ತಿರಲಿಲ್ಲ. "ಏಳೋ ಮಾರಾಯ, ಮುಗೀತಲ್ಲ," ಎಂದರೆ, "ತಡಿ, ಇನ್ನ ಐತಿ," ಎನ್ನುವನು. ಚಿಕ್ಕವನಿದ್ದಾಗ ಅಪ್ಪನ ತೊಡೆಯ ಮೇಲೆ ನಿದ್ರೆ ಹೋಗುತ್ತಿದ್ದ ನನಗೆ, ಭಜನೆಯೆಂದರೆ ಆ ಮೊದಲಿನ ಮತ್ತು ಕೊನೆಯ ಒಂಟಿ ತಂತಿಯೇ. ಹಿಂದಿನ ದಿನ ಸೇತುವೆಯ ಕೆಳಗೆ ಹುಡುಗನ ಫೋನಿನಲ್ಲಿ ಕೇಳಿದ್ದು ಯಾವುದೆಂದು ವೈನಿಯ ಆ ಸಾಲನ್ನು ಓದಿದಾಗ ನನಗೆ ಹೊಳೆಯಿತು.

ಎಂ.ಎ. ಮುಗಿಸಿದ ವರ್ಷ, 2011ರಲ್ಲಿ, ನೆರೆಯ ಜಿಲ್ಲೆಯ ಒಬ್ಬ ನಿವೃತ್ತ ಮಾಸ್ತರರ ಪರಿಚಯವಾಗಿತ್ತು. ಪಿಂಚಣಿಯ ಹಣದಲ್ಲಿ ಮೂರು ತಿಂಗಳಿಗೊಮ್ಮೆ ಮೂವತ್ತೆರಡು ಪುಟಗಳ ಸಣ್ಣ ಪತ್ರಿಕೆ ಹೊರಡಿಸುತ್ತಿದ್ದರು. ಮಾತಿನ ನಡುವೆ ಅಪ್ಪನ ಚಾಳಿಯನ್ನು ತಮಾಷೆಯೆಂದು ಹೇಳಿದೆ. ಅವರು ನಗಲಿಲ್ಲ. "ಇದನ್ನು ಬರೆದುಕೊಡಿ," ಎಂದರು. ಒಪ್ಪಿಕೊಂಡೆ. ಒಂದು ಕಾರ್ಡು ಬಂದಿತು, ಎರಡನೆಯದು ಬಂದಿತು. ಮೂರನೆಯದರಲ್ಲಿ, ನಿಮಗಾಗಿ ಎರಡು ಪುಟಗಳನ್ನು ಖಾಲಿ ಬಿಟ್ಟು ಕಾಯುತ್ತಿದ್ದೇನೆ ಎಂದಿತ್ತು.

ನಾನು ಬರೆಯಲಿಲ್ಲ. ನೌಕರಿಯ ಪರೀಕ್ಷೆಗಳಿದ್ದವು ಎನ್ನುವುದು ಹೊರಗಿನ ಕಾರಣ. ಒಳಗಿನದನ್ನು ಇಷ್ಟು ವರ್ಷಗಳ ಮೇಲೆ ಹೇಳಿಬಿಡುತ್ತೇನೆ. ಪಂಪ ಕುಮಾರವ್ಯಾಸರನ್ನು ಆಗತಾನೇ ಓದಿ ಮುಗಿಸಿದ್ದ ನನಗೆ, ನನ್ನ ಮೊದಲ ಲೇಖನ ನಮ್ಮಪ್ಪನ ಒಂಟಿ ತಂತಿಯ ಮೇಲೆ ಬರುವುದು ಸಣ್ಣತನವಾಗಿ ಕಂಡಿತು. ಆ ಸಂಚಿಕೆ ಬಂದಾಗ ಎರಡು ಪುಟಗಳಲ್ಲಿ ಗಾದೆಗಳನ್ನು ತುಂಬಿದ್ದರು. ಇನ್ನೆರಡು ಸಂಚಿಕೆಗಳಾದ ಮೇಲೆ ಪತ್ರಿಕೆ ನಿಂತಿತು. ಮರುವರ್ಷ ಅಪ್ಪ ಹೋದ. ಗುಡಿಯ ಭಜನೆಗೆ ಧ್ವನಿವರ್ಧಕ ಬಂದಿತು. ಏಕತಾರಿಯ ಬುರುಡೆ ಒಡೆದು, ಕೋಲು ಅಟ್ಟ ಸೇರಿತು. ಆಗ ಎಲ್ಲರ ಕಿಸೆಯಲ್ಲಿಯೂ ಧ್ವನಿ ಹಿಡಿಯುವ ಫೋನು ಇತ್ತು, ನನ್ನದರಲ್ಲಿಯೂ ಇತ್ತು. ಒಂದು ರಾತ್ರಿಯಾದರೂ ಒಂದು ಗುಂಡಿಯನ್ನು ಒತ್ತಿದವರಿಲ್ಲ.

ಚಹಾ ಆರಿಹೋಗಿತ್ತು. ಹುಡುಗ ಹೊಸ್ತಿಲಲ್ಲಿ ನಿಂತಿದ್ದ.

"ಕಾಕಾ, ಬೈಯಾಕ ಬಂದೀರಿ ಅಂತ ಗೊತ್ತೈತಿ. ಆ ಮ್ಯಾಲ ಬೈರಿ. ಅಜ್ಜ ತೀರ್ಕೊಂಡಾಗ ನಾ ಎಂಟು ವರ್ಷದಾಂವ. ತಂತಿ ಸಪ್ಪಳ ನೆನಪೈತಿ, ಉಳಿದಿದ್ದಿಲ್ಲ. ಮುಂದಿನ ಸಂಚಿಕೆಗೆ ನೀವು ಬರೀರಿ. ಎರಡ ಪುಟ ಬಿಟ್ಟೇನಿ."

ಅವನಿಗೆ ಆ ಮಾಸ್ತರರ ಕಾರ್ಡಿನ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಬುದ್ಧಿ ಹೇಳುವ ಕೆಲಸವನ್ನು ಬಿಡಲಿಲ್ಲ. ಅದೂ ನನ್ನ ಕರ್ತವ್ಯವೇ. ಪರೀಕ್ಷೆಯ ಅರ್ಜಿಯ ಹಣವನ್ನು ಮುಟ್ಟಕೂಡದು, ವರ್ಷಕ್ಕೆ ಎರಡೇ ಸಂಚಿಕೆ, ಅರವತ್ತಕ್ಕಿಂತ ಹೆಚ್ಚು ಪ್ರತಿ ತೆಗೆಸಕೂಡದು ಎಂದು ಕರಾರು ಮಾಡಿಸಿದೆ. ಕೊನೆಯ ಕರಾರನ್ನು ಅವನು ನಗುತ್ತ ಒಪ್ಪಿದ.

ಗದಗಿಗೆ ಬಂದು ಹದಿನೈದು ದಿನ ಕೂತು ಲೇಖನ ಬರೆದೆ. ಹನ್ನೆರಡು ಪುಟಗಳಾದವು. ನಾದಬ್ರಹ್ಮದಿಂದ ಆರಂಭಿಸಿ, ಅಲ್ಲಮನನ್ನು ಹಾಯ್ದು, ತತ್ತ್ವಪದ ಪರಂಪರೆಯ ವರ್ಗೀಕರಣವನ್ನು ಮಾಡಿ, ಹತ್ತನೆಯ ಪುಟದಲ್ಲಿ ಅಪ್ಪನನ್ನು ಮುಟ್ಟಿದ್ದೆ. ಸಂಪಾದಕರು ನಾಲ್ಕೇ ದಿನಗಳಲ್ಲಿ ಹಿಂದಿರುಗಿಸಿದರು. ಮೇಲೊಂದು ಚೀಟಿ: "ಕಾಕಾ, ಭಾಳ ಚೊಲೊ ಐತಿ. ಆದ್ರ ಇದರಾಗ ಅಜ್ಜ ಇಲ್ಲ, ನೀವ ಅದೀರಿ. ಎರಡ ಪುಟದಾಗ ಬರೀರಿ." ಎಷ್ಟು ವಿದ್ಯಾರ್ಥಿಗಳ ಪ್ರಬಂಧಗಳ ಮೇಲೆ ನಾನು ಹೀಗೆ ಬರೆದಿಲ್ಲ! ಬರೆದವನಿಗೆ ಹೇಗಾಗುತ್ತದೆಂದು ಈಗ ತಿಳಿಯಿತು.

ಎರಡು ಪುಟಗಳಲ್ಲಿ ಬರೆದೆ. ಆಕಳಿಸುತ್ತಿದ್ದವರು ಯಾರು, ಎಲೆ ಅಡಿಕೆಯ ಚಂಚಿ ಯಾರದು, ಅಪ್ಪ ತಂತಿಯನ್ನು ಯಾವ ಬೆರಳಿನಿಂದ ಮಿಡಿಯುತ್ತಿದ್ದ, ಇಷ್ಟೇ. ಬೆರಳಿನ ವಿಷಯದಲ್ಲಿ ಸಂಶಯ ಬಂದು ಅಣ್ಣನಿಗೆ ಫೋನು ಮಾಡಿ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಕರೆ ಕಡಿದುಹೋಯಿತೇನೋ ಎಂದುಕೊಂಡೆ. "ತೋರಬೆರಳು," ಎಂದ ಬಳಿಕ. "ಉಗುರು ಸೀಳಿತ್ತು, ಅರಿವಿ ಸುತ್ತತಿದ್ದ. ಅದನ್ನೂ ಬರಿ." ತುಸು ತಡೆದು ಮತ್ತೆ ಕೇಳಿದ: "ಅಪ್ಪನ ಹೆಸರು ಹಾಕತೀರಿಲ್ಲೊ?"

ಎರಡನೆಯ ಸಂಚಿಕೆ ಮೊನ್ನೆ ಬಂದಿತು. ಹೊದಿಕೆಯ ಮೇಲೆ ಈ ಸಲವೂ ಪತ್ರಿಕೆಗೆ ಹೆಸರಿಲ್ಲ. ನನ್ನ ಎರಡು ಪುಟಗಳಲ್ಲಿ ನಾಲ್ಕು ಮುದ್ರಣದೋಷಗಳಿವೆ. ಅಪ್ಪನ ಹೆಸರು ಮಾತ್ರ ಸರಿಯಾಗಿದೆ. ಲೇಖನದ ಕೆಳಗೆ ಅರ್ಧ ಪುಟ ಬರಿದಾಗಿ ಉಳಿದಿತ್ತು. ಅಲ್ಲಿ ಗಾದೆಯನ್ನೋ ಜಾಹೀರಾತನ್ನೋ ಹಾಕಬಾರದಿತ್ತೇ, ಹಾಳೆ ಏಕೆ ವ್ಯರ್ಥ ಮಾಡಿದೆ ಎಂದು ಸಂಪಾದಕರನ್ನು ಫೋನಿನಲ್ಲಿ ವಿಚಾರಿಸಿದೆ.

"ಅದು ಖಾಲಿ ಅಲ್ಲ ಕಾಕಾ, ಇನ್ನ ಐತಿ," ಎಂದು ಹೇಳಿ, ಲೇಖಕರಿಗೆ ಗೌರವಪ್ರತಿ ಕೊಡುವ ಪದ್ಧತಿ ತಮ್ಮಲ್ಲಿಲ್ಲವೆಂದೂ ಇಪ್ಪತ್ತು ರೂಪಾಯಿ ಬಾಕಿ ಇದೆಯೆಂದೂ ನೆನಪು ಮಾಡಿದ.

ಕಳಿಸಿದ್ದೇನೆ.